ರೊಟ್ಟಿ ಇಲ್ಲದವರಿಗೂ ಬಿಪಿ



“ಹೊಟ್ಟಿಗಿ ರೊಟ್ಟಿ ಇಲ್ಲದವಗ ಬಿಪಿ ಹ್ಯಾಂಗ ಬರ್ತದ?” ನಮ್ಮ ನ್ಯಾಲ್ಕಲ್ ಕಡೆ ಇದು ಸಾಮಾನ್ಯ ಮಾತು. ಬಿಪಿ ಅಂದರೆ ಉಂಡು ಕೂತವರ ಕಾಯಿಲೆ ಎಂದೇ ಲೆಕ್ಕ. ನಮ್ಮ ಮುತ್ಯಾನನ್ನು ನೋಡಿದ ನನಗೆ ಈ ಲೆಕ್ಕದಲ್ಲಿ ನಂಬಿಕೆಯಿಲ್ಲ. ಒಣಗಿದ ಜೋಳದ ದಂಟಿನಂಥ ಆಳು, ಬೊಜ್ಜು ಎಂಬುದೇ ಇರಲಿಲ್ಲ. ಆದರೂ ನಲವತ್ತು ತುಂಬುವ ಮೊದಲೇ ಬಿಪಿ 180ರ ಹತ್ತಿರ ಇತ್ತು.

ಮುತ್ಯಾ ಹುಟ್ಟಿದ್ದು 1948ರ ಕೊನೆಗೆ. ಆಗ ನ್ಯಾಲ್ಕಲ್ ಇನ್ನೂ ಬೀದರ ತಾಲೂಕಿನಲ್ಲೇ ಇತ್ತು; 1956ರಲ್ಲಷ್ಟೇ ಗೆರೆಯ ಈಚೆಗೆ ಬಂತು. ಆ ವರ್ಷ ಬೀದರ ಸೀಮೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಮೊದಲು ರಜಾಕಾರರ ಹಾವಳಿಗೆ ಹೆದರಿ ಹಿಂದೂಗಳು ಊರು ಬಿಟ್ಟರು. ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸಲ್ಮಾನರ ಸರದಿ. ಹೈದರಾಬಾದ್ ಸಂಸ್ಥಾನದಲ್ಲಿ ಸತ್ತವರು 27,000ದಿಂದ 40,000 ಎಂದು ಸುಂದರಲಾಲ್ ಸಮಿತಿ ಅಂದಾಜು ಮಾಡಿತು. ಮುತ್ಯಾನ ಅವ್ವ ಆಗ ಬಸುರಿ. ಗಂಟು ಕಟ್ಟಿಕೊಂಡು ಬೀಗರ ಊರಿಗೆ ನಡೆದಳು. ಅಂಬಲಿ ಸಿಕ್ಕ ದಿನ ಹಬ್ಬ. ಇದನ್ನೆಲ್ಲ ಮುತ್ಯಾ ನಗುತ್ತಲೇ ಹೇಳುತ್ತಿದ್ದರು.

ತಾಯಿಯ ಹಸಿವು ಹೊಟ್ಟೆಯಲ್ಲಿರುವ ಕೂಸಿಗೂ ತಟ್ಟುತ್ತದೆಯೇ? ನೈಜೀರಿಯಾದ ಬಯಾಫ್ರಾದಲ್ಲಿ 1967ರಿಂದ 1970ರವರೆಗೆ ಯುದ್ಧ ನಡೆಯಿತು. ಅಲ್ಲಿನ ಇಗ್ಬೋ ಜನ ಹೆಚ್ಚಿನವರು ಕ್ರೈಸ್ತರು. ದಿಗ್ಬಂಧನದಿಂದ ಭೀಕರ ಬರಗಾಲ. ನಲವತ್ತು ವರ್ಷದ ನಂತರ ಎನುಗು ಪಟ್ಟಣದಲ್ಲಿ 1,339 ಜನರ ಬಿಪಿ ಅಳೆದರು. ಬರಗಾಲದಲ್ಲಿ ಗರ್ಭದಲ್ಲಿದ್ದವರ, ಹಾಲು ಕುಡಿಯುವ ಕೂಸಾಗಿದ್ದವರ ಮೇಲಿನ ಬಿಪಿ, ಬರಗಾಲ ಕಳೆದ ಮೇಲೆ ಹುಟ್ಟಿದವರಿಗಿಂತ ಸುಮಾರು 7 ಅಂಕ ಹೆಚ್ಚಿತ್ತು. 2010ರಲ್ಲಿ ಇದು ಪ್ರಕಟವಾಯಿತು. ವೈದ್ಯರು ಕೊಡುವ ಒಂದು ಕಾರಣ ಸರಳ: ಮೂತ್ರಪಿಂಡದ ಸೋಸುವ ಜಾಲರಿಗಳು ಹುಟ್ಟುವ ಮೊದಲೇ ತಯಾರಾಗಬೇಕು, ಆಮೇಲೆ ಹೊಸದು ಹುಟ್ಟುವುದಿಲ್ಲ. ಬಸುರಿಗೆ ಅನ್ನವಿಲ್ಲದಿದ್ದರೆ ಕೂಸಿಗೆ ಅವು ಕಡಿಮೆ. ಮುತ್ಯಾನ ಬಿಪಿಗೆ ಇದೇ ಕಾರಣ ಎಂದು ನಾನು ಹೇಳಲಾರೆ. ಬೀಡಿಯೂ ಇತ್ತು, ಉಪ್ಪಿನಕಾಯಿಯೂ ಇತ್ತು.

ಇದು ಅಜ್ಜಂದಿರ ಕಾಲದ ಮಾತಷ್ಟೇ ಅಲ್ಲ. 2023ರ ಮೇ ತಿಂಗಳಲ್ಲಿ ಶುರುವಾದ ಮಣಿಪುರದ ಹಿಂಸೆಯಲ್ಲಿ ಸುಮಾರು 60,000 ಜನ ಮನೆ ಬಿಟ್ಟರು. ನಾವೂ ಪ್ರಾರ್ಥಿಸಿದೆವು, ಕಾಣಿಕೆ ಎತ್ತಿದೆವು. ಆ ಕಡೆಯ ಎಷ್ಟೋ ಹುಡುಗ ಹುಡುಗಿಯರು ಓದು, ಕೆಲಸ ಎಂದು ಬೆಂಗಳೂರಿಗೆ ಬಂದಿದ್ದಾರೆ. ಬಾಡಿಗೆ ಕಟ್ಟಿ, ಮನೆಗೂ ಕಳಿಸಿ ಉಳಿದ ದುಡ್ಡಿನಲ್ಲಿ ಒಂದು ಹೊತ್ತಿನ ಊಟ ಬಿಡುವುದು, ಇನ್ನೊಂದು ಹೊತ್ತು ನೂಡಲ್ಸ್ ಪೊಟ್ಟಣ. ಹೊಟ್ಟೆ ತುಂಬಿದಂತಾಗುತ್ತದೆ, ಒಳಗೆ ಹೋಗುವುದು ಮಾತ್ರ ಉಪ್ಪು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದರ ಮೇಲೆ ರಾತ್ರಿ ನಿದ್ದೆಯಿಲ್ಲ, ಊರಿನ ಚಿಂತೆ. ಇಪ್ಪತ್ತೆರಡರ ತೆಳ್ಳಗಿನ ಹುಡುಗನಿಗೆ ಬಿಪಿ ಇದೆಯೇ ಎಂದು ಯಾರು ನೋಡುತ್ತಾರೆ?

ನಮ್ಮ ಧರ್ಮಕೇಂದ್ರದಲ್ಲೂ ಅಷ್ಟೇ. ಬಿಪಿ ನೋಡುವ ಭಾನುವಾರ ಕುರ್ಚಿಯಲ್ಲಿ ಕೂರುವವರು ಹಿರಿಯರು, ಹೆಸರು ಬರೆದುಕೊಳ್ಳುವವರು ಯುವಕರು. ಮುಂದಿನ ಸಲ ಬರೆಯುವವರೂ ಕೂರಲಿ. ಒಮ್ಮೆ ಹೆಚ್ಚು ಬಂದರೆ ಗಾಬರಿ ಬೇಡ, ಬೇರೆ ದಿನ ಮತ್ತೆ ನೋಡಿಸಿ. ಪದೇ ಪದೇ 140/90 ದಾಟಿದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿ ಮಾತ್ರೆಗೆ ದುಡ್ಡಿಲ್ಲ. ಪರಿಹಾರದ ಚೀಲ ಕಟ್ಟುವಾಗ ಉಪ್ಪಿನಕಾಯಿ ಡಬ್ಬಿಯ ಬದಲು ತೊಗರಿಬೇಳೆ, ಶೇಂಗಾ ಹಾಕೋಣ. ಊರು ಬಿಟ್ಟು ಬಂದ ಮಕ್ಕಳು ಬಿಪಿ ನೋಡಿಸಲು ಬಂದರೆ ಮೊದಲು ಊಟ ಆಯಿತಾ ಎಂದು ಕೇಳಿ. ಆಗಿರದಿದ್ದರೆ ಉಣ್ಣಲು ಕೊಡಿ, ಅರ್ಧ ಗಂಟೆ ಬಿಟ್ಟು ತೋಳಿಗೆ ಪಟ್ಟಿ ಕಟ್ಟಿ.