ಬೀಟೆಯ ಮೇಲೆ ಹಲಸಿನ ಎತ್ತು

ಬೆಂಗಳೂರಿನ ಕುಮಾರಸ್ವಾಮಿ ಲೇಔಟ್‌ನ ಹಳೆಯ ಮನೆಗಳ ಹಾಲ್‌ನಲ್ಲಿ, ಸೋಫಾದ ಮೇಲಿನ ಗೋಡೆಯಲ್ಲಿ ಮೈಸೂರಿನ ಇನ್ಲೇ ಚಿತ್ರ ಕಾಣುವುದು ಅಪರೂಪವೇನಲ್ಲ. ಗೃಹಪ್ರವೇಶಕ್ಕೋ ನಿವೃತ್ತಿಗೋ ಬಂದ ಉಡುಗೊರೆ ಅದು: ಬೀಟೆ ಮರದ ಹಲಗೆ, ಅದರೊಳಗೆ ಎತ್ತಿನ ಗಾಡಿ, ತೆಂಗಿನ ಮರ, ಕೊಡ ಹೊತ್ತ ಹೆಂಗಸರು. ಶೋಪೀಸ್ ಎಂದು ಅದರತ್ತ ಕಣ್ಣೆತ್ತದವರೇ ಹೆಚ್ಚು. ನನಗೆ ಅದು ಎಷ್ಟು ನೋಡಿದರೂ ಮುಗಿಯದ ಚಿತ್ರ. ಈ ಕಲೆಯ ಸಾಂಪ್ರದಾಯಿಕ ಕೆಲಸದಲ್ಲಿ ಬಣ್ಣವನ್ನು ಬಳಿಯುವುದಿಲ್ಲ, ಮರದಲ್ಲೇ ಆರಿಸಿಕೊಳ್ಳುತ್ತಾರೆ. ಹಳದಿ ಬೇಕಾದರೆ ಹಲಸು, ಕಪ್ಪುಗಂದಿಗೆ ಬೀಟೆ. ಚಿತ್ರವನ್ನು ಕಾಗದದ ಮೇಲೆ ಬರೆದು, ಭಾಗ ಭಾಗವಾಗಿ ಬಿಡಿಸಿ, ತೆಳು ಮರದಲ್ಲಿ ಸಣ್ಣ ಗರಗಸದಿಂದ ಕೊಯ್ದು, ಹಲಗೆಯಲ್ಲಿ ಅಷ್ಟೇ ಆಳದ ಗುಳಿ ತೋಡಿ ಕೂರಿಸಿ, ಮೈ ಒಂದಾಗುವವರೆಗೆ ಉಜ್ಜಬೇಕು. ಕುಂಚ ತಪ್ಪಿದರೆ ಮೇಲೆ ಇನ್ನೊಂದು ಬಣ್ಣ ಎಳೆಯಬಹುದು. ಗರಗಸ ತಪ್ಪಿದರೆ ತುಂಡೇ ಹೋಯಿತು. ಒಳ್ಳೆಯ ಕೆಲಸದಲ್ಲಿ ಎತ್ತಿನ ಹಿಣಿಲನ್ನು ಹತ್ತಿರದಿಂದ ನೋಡಿ. ಮರದ ಎಳೆ ಹಿಣಿಲಿನ ಮೇಲೆ ಬಾಗಿ, ಹೆಗಲಿಗಿಳಿದು, ನೊಗದ ಅಂಚಿಗೆ ಬಂದು ನಿಲ್ಲುತ್ತದೆ. ಭಾರ ಎಳೆಯುವ ಮೈಯ ಬಿಗಿ ಅಲ್ಲಿದೆ. ಆ ಎಳೆಯನ್ನು ಯಾರೂ ಬರೆದದ್ದಲ್ಲ, ಹಲಸಿನ ಹಲಗೆಯಲ್ಲಿ ಹುಡುಕಿ ಕೊಯ್ದದ್ದು. ಎತ್ತು ಹೇಗೆ ಎಳೆಯುತ್ತದೆಂದು ತಿಳಿಯದವನ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಇದು ಕೊಳ್ಳುವವರ ಕಣ್ಣಿಗೆ ತಂಪಾಗಲೆಂದು ಮಾಡಿದ ಹಳ್ಳಿ, ಸಾಲವೂ ಬೆವರೂ ಇಲ್ಲದ ಹಳ್ಳಿ ಎನ್ನುತ್ತಾರೆ. ಸಾಲ ಕಾಣುವುದಿಲ್ಲ, ಒಪ್ಪಿದೆ. ರೋಮನ್ನರ ಮೊಸಾಯಿಕ್‌ಗಳ ಮೇಲೂ ಇದೇ ದೂರು ಸಲ್ಲುತ್ತದೆ. ಅವನ್ನು ಹಾಸಿಸಿದವರು ಉಳ್ಳವರೇ. ಆದರೂ ಫ್ರಾನ್ಸಿನ ಸಾಂ ರೊಮಾಂ ಆಂ ಗಾಲ್‌ನಲ್ಲಿ 1891ರಲ್ಲಿ ಸಿಕ್ಕ, ಮೂರನೆಯ ಶತಮಾನದ ನೆಲವನ್ನು ನೋಡಿ. ಋತುಗಳ ಪ್ರಕಾರ ಬೇಸಾಯದ ಕೆಲಸಗಳನ್ನು ಕಲ್ಲಿನ ಚೂರುಗಳಲ್ಲಿ ಜೋಡಿಸಿದ್ದಾರೆ. ದ್ರಾಕ್ಷಿ ತುಳಿಯುವವರು ಇರುವುದು ಸಹಜ, ಅದು ಹಬ್ಬದಂಥ ದೃಶ್ಯ. ವೈನ್ ತುಂಬುವ ಮಣ್ಣಿನ ದೊಡ್ಡ ಹರವಿಗಳ ಒಳಮೈಗೆ ರಾಳ ಬಳಿಯುವವರೂ ಅಲ್ಲಿದ್ದಾರೆ. ಗಿಡಕ್ಕೆ ಕಸಿ ಕಟ್ಟುವವರಿದ್ದಾರೆ. ಬರೀ ಅಂದಕ್ಕಾದರೆ ರಾಳ ಬಳಿಯುವವರು ಯಾರಿಗೆ ಬೇಕಿತ್ತು? ದುಡ್ಡು ಕೊಟ್ಟವನ ರುಚಿ ಏನೇ ಇರಲಿ, ಚೂರು ಚೂರು ಆರಿಸಿ ಕೂರಿಸುವ ಕೈಗೆ ಕೆಲಸದ ವಿವರವನ್ನು ಮಸುಕಾಗಿ ತೇಲಿಸಿಬಿಡುವ ಅವಕಾಶವಿರಲಿಲ್ಲ ಎಂಬುದು ನನ್ನ ವಾದ.

ಹಾಗಾದರೆ ಅಂಗಡಿಯಲ್ಲಿ ಸಾಲಾಗಿ ತೂಗುವ ಒಂದೇ ಅಚ್ಚಿನ ಗಾಡಿಗಳ ಗತಿ? ಅವುಗಳಲ್ಲಿ ಎಷ್ಟೋ ಸಪ್ಪೆಯಾಗಿವೆ, ಅವನ್ನು ನಾನು ಸಮರ್ಥಿಸಲಾರೆ. ಸಪ್ಪೆತನ ಎಲ್ಲಿಂದ ಬಂತೆಂದು ಹುಡುಕಿದರೆ ಮಾತ್ರ ನನ್ನ ವಾದಕ್ಕೇ ಬಲ ಬರುತ್ತದೆ. ಹಿಂದೆ ಬಿಳಿಗೆ ದಂತವನ್ನೂ ಕೂರಿಸುತ್ತಿದ್ದರು; ಮೈಸೂರು ಅರಮನೆಯ ಅಂಬಾವಿಲಾಸ ಸಭಾಂಗಣದ ಬೀಟೆ ಬಾಗಿಲಲ್ಲಿ ದಂತವಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ತಂದ ತಿದ್ದುಪಡಿ ನಮ್ಮ ಆನೆಯ ದಂತದ ವ್ಯಾಪಾರವನ್ನು ನಿಲ್ಲಿಸಿತು. ನಿಲ್ಲಲೇಬೇಕಿತ್ತು. ಅದರ ಜಾಗಕ್ಕೆ ಹಲವರು ಬಿಳಿ ಪ್ಲಾಸ್ಟಿಕ್ ತಂದರು. ಪ್ಲಾಸ್ಟಿಕ್‌ಗೆ ಎಳೆಯಿಲ್ಲ, ಆರಿಸುವುದಕ್ಕೂ ಏನಿಲ್ಲ; ಅದರಲ್ಲಿ ಮಾಡಿದ ಗಾಡಿಯವನ ಬಿಳಿ ಪಂಚೆ ಚಿತ್ರದಲ್ಲಿ ತೂತಿನಂತೆ ಕಾಣುತ್ತದೆ. ಅದೇ ಪಂಚೆಯನ್ನು ನಸುಬಿಳಿ ಮರದಲ್ಲಿ ಕೂರಿಸಿದವರ ಕೆಲಸದಲ್ಲಿ ಎಳೆಯೇ ನೆರಿಗೆಯಾಗುತ್ತದೆ. ಈಗ ಲೇಸರ್ ಬಂದಿದೆ, ಗರಗಸಕ್ಕಿಂತ ನಯವಾಗಿ ಕೊಯ್ಯುತ್ತದೆ. ಕೊಯ್ಯಲಿ. ಹಲಗೆಯನ್ನು ಯಾವ ಕಡೆಗೆ ತಿರುಗಿಸಿಡಬೇಕೆಂದು ಅದಕ್ಕೆ ಒಬ್ಬರು ಹೇಳಲೇಬೇಕು. ಕೊಳ್ಳುವಾಗ ಹಿಣಿಲನ್ನು ನೋಡಿದರೆ, ಹೇಳಿದವರು ಯಾರಾದರೂ ಇದ್ದರೋ ಇಲ್ಲವೋ ಗೊತ್ತಾಗುತ್ತದೆ.