ಕೊರವಂಗಲದಿಂದ ಒಂದು ಗಾಳಿಕೋವಿಯ ಮನೆಗೆ

ನಮ್ಮ ಕೊರವಂಗಲದ ಕಡೆ ಗಾಳಿಕೋವಿ ಎಂದರೆ ಜಾತ್ರೆಯ ಬಲೂನ್ ಅಂಗಡಿಯದು. ನಳಿಕೆಯನ್ನು ಮಂಡಿಗೆ ಆನಿಸಿ ಮುರಿದಂತೆ ಬಗ್ಗಿಸಬೇಕು, ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ, ಕುದುರೆ ಎಳೆದರೆ ಕೋವಿ ಭುಜಕ್ಕೆ ಗುದ್ದಿ ಬಲೂನು ಒಡೆಯುತ್ತದೆ, ಇಲ್ಲವೇ ಹಿಂದಿನ ಹಲಗೆ ಸದ್ದು ಮಾಡುತ್ತದೆ. ಸ್ಪ್ರಿಂಗಿನ ಬಲದಿಂದ ಹೊಡೆಯದ, ಗಾಳಿಯನ್ನು ಮೊದಲೇ ತುಂಬಿಟ್ಟುಕೊಂಡ ಕೋವಿಯೊಂದನ್ನು ನನ್ನ ಹೆಂಡತಿಯ ಸೋದರಮಾವ ಮನೆಯಲ್ಲೇ ಹದಗೊಳಿಸುತ್ತಾರೆ, ಅದು ಹೊಡೆದದ್ದು ಪಕ್ಕದ ಕೋಣೆಗೂ ಕೇಳುವುದಿಲ್ಲ ಎಂದು ತಿಳಿದಾಗ ನೋಡದೆ ಇರಲಾಗಲಿಲ್ಲ. ಅವರ ಮನೆ ಕೊಡಗಿನ ಸೋಮವಾರಪೇಟೆಯ ಆಚೆಗಿನ ಕಾಫಿ ತೋಟದಲ್ಲಿ.

ಹೊರಡುವ ಬೆಳಿಗ್ಗೆ ಬೂಚೇಶ್ವರನ ಗುಡಿಗೆ ಹೋಗುತ್ತೇನೆ. 1173ರಲ್ಲಿ ಎರಡನೇ ವೀರಬಲ್ಲಾಳನ ಪಟ್ಟಾಭಿಷೇಕದ ಹೊತ್ತಿಗೆ ಅವನ ಅಧಿಕಾರಿ ಬೂಚಿರಾಜ ಕಟ್ಟಿಸಿದ್ದು. ಶಿವ ಮತ್ತು ಸೂರ್ಯ ಇಲ್ಲಿ ಎದುರುಬದುರಾಗಿ ನಿಂತಿದ್ದಾರೆ. ನಾನು ಹೆಚ್ಚು ಹೊತ್ತು ನಿಲ್ಲುವುದು ಮಂಟಪದ ಕಂಬಗಳ ಬಳಿ. ಕಲ್ಲನ್ನು ತಿರುಗಿಸಿ ಕಡೆದ ಆ ಉಂಗುರಗಳು ಎಷ್ಟು ನುಣುಪೆಂದರೆ ಬೆರಳು ತಾನಾಗಿ ಸುತ್ತು ಹೊಡೆಯುತ್ತದೆ. ಇಂಥ ನುಣುಪನ್ನು ಈ ಪಯಣದಲ್ಲಿ ಇನ್ನೊಮ್ಮೆ ನೋಡುತ್ತೇನೆಂದು ಆಗ ಅನ್ನಿಸಿರಲಿಲ್ಲ.

ಹಾಸನದಲ್ಲಿ ಅರಕಲಗೂಡಿನ ಬಸ್ಸು. ಗೊರೂರಿನಲ್ಲಿ ಹೇಮಾವತಿ ಜಲಾಶಯ ಮಳೆಗಾಲದ ಕೆಂಪು ನೀರಿನಿಂದ ತುಂಬಿದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಊರೆಂದು ಪಕ್ಕದ ಸೀಟಿನ ಅಜ್ಜ ಪ್ರತಿಯೊಬ್ಬರಿಗೂ ಹೇಳುತ್ತಿದ್ದಾರೆ. ಅರಕಲಗೂಡು ದಾಟಿದರೆ ಆಲೂಗಡ್ಡೆಯ ಹೊಲ, ತಂಬಾಕಿನ ಹೊಲ. ಕೊಣನೂರಿನಲ್ಲಿ ಕಾವೇರಿ. ಅಲ್ಲಿಂದ ಮುಂದೆ ಬಯಲು ಮುಗಿದು ಮಳೆ ಶುರು. ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿದೆ, ಕೆಳಗೆ ಕಾಫಿ ಗಿಡ. ಬಸ್ಸಿಳಿದು ತೋಟದ ದಾರಿ ಹಿಡಿದೆನೋ ಇಲ್ಲವೋ ಕಾಲಿಗೆ ಜಿಗಣೆ. ನಮ್ಮೂರ ಮಳೆಯಲ್ಲಿ ಇಂಥ ಸ್ವಾಗತವಿಲ್ಲ. ಮನೆ ಮುಟ್ಟುವಾಗ ಕಾಲುಚೀಲ ಕೆಂಪಾಗಿತ್ತು. ಅತ್ತೆ ಸುಣ್ಣ ಹಚ್ಚಿ, ಅಕ್ಕಿ ರೊಟ್ಟಿ, ಕಳಲೆ ಪಲ್ಯ ಬಡಿಸಿದರು. ನೆಂದ ಅಂಗಿ ನಾನಿದ್ದಷ್ಟು ದಿನವೂ ಒಣಗಲಿಲ್ಲ.

“ಬನ್ನಿ ಅಳಿಯಂದಿರೇ, ಕೋವಿ ಮನೆ ನೋಡೋಣ,” ಎಂದು ಮಾವ ಹಳೆಯ ಕಾಫಿ ಗೋದಾಮಿನ ಬಾಗಿಲು ತೆರೆಯುತ್ತಾರೆ. ಸೈನ್ಯದಲ್ಲಿದ್ದು ಬಂದವರು, ಒಂದೊಂದು ಸ್ಕ್ರೂಗೂ ಒಂದೊಂದು ಡಬ್ಬಿ. ಮೇಜಿನ ಮೇಲೆ ಕೋವಿ ಬಿಚ್ಚಿ ಹರಡಿದೆ: ಉದ್ದನೆಯ ಗಾಳಿ ಸಿಲಿಂಡರು, ಕವಾಟ, ಅದನ್ನು ಬಡಿಯುವ ಬೆರಳುದ್ದದ ಹ್ಯಾಮರ್, ಹ್ಯಾಮರಿನ ಹಿಂದೊಂದು ಸ್ಪ್ರಿಂಗ್. ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿಸಿದರು. ಕೊರವಂಗಲದ ಕಂಬದ ಉಂಗುರಗಳೇ 4.5 ಮಿಲಿಮೀಟರ್ ಕೊಳವೆಯೊಳಗೆ ಸುರುಳಿ ಸುತ್ತಿಕೊಂಡಂತೆ ಗೀರುಗಳು ಹೊಳೆಯುತ್ತಿದ್ದವು.

ಗಾಳಿ ತುಂಬಲು ಕೈಪಂಪು. ಸೈಕಲ್ ಪಂಪಿನ ಹಾಗೆಯೇ ಕಂಡರೂ ಒಳಗೆ ಮೂರು ಹಂತ. ಕಾರಿನ ಟೈರಿನಲ್ಲಿರುವುದು ಎರಡು ಬಾರ್‌ನಷ್ಟು ಒತ್ತಡ. ಇಲ್ಲಿ 200 ಬಾರ್ ಬೇಕು. ನಾನೂ ಒತ್ತಿದೆ. ಮುಳ್ಳು 100 ದಾಟಿದ ಮೇಲೆ ಇಡೀ ಮೈಭಾರ ಹಾಕಿದರೂ ಹಿಡಿ ನಿಧಾನವಾಗಿ, ಯೋಚಿಸಿ ಇಳಿಯುತ್ತದೆ. ನಡುನಡುವೆ ಪಂಪು ತಣ್ಣಗಾಗಲು ಬಿಡಬೇಕು. ಅದರ ತಳದಿಂದ ನೀರು ಹೊರಬಂದದ್ದು ಕಂಡು ಬೆರಗಾದೆ. ಗಾಳಿಯನ್ನು ಒತ್ತಿದರೆ ಅದರೊಳಗಿನ ತೇವ ನೀರಾಗುತ್ತದೆ. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ತೇವಕ್ಕೇನು ಕೊರತೆ! ಆ ನೀರು ಸಿಲಿಂಡರಿಗೆ ಇಳಿದರೆ ಒಳಗಿಂದ ತುಕ್ಕು. ಅದಕ್ಕೇ ಪಂಪಿನ ಬಾಯಿಗೆ ತೇವ ಹೀರುವ ಹರಳುಗಳ ಡಬ್ಬಿ ಸಿಕ್ಕಿಸಿದ್ದಾರೆ. ಗ್ರೀಸಿನ ಡಬ್ಬಿ ಹುಡುಕಿದರೆ ಸಿಲಿಕೋನ್ ಒಂದೇ. ಪೆಟ್ರೋಲಿಯಂ ಎಣ್ಣೆ ಒಳಗೆ ಹೋದರೆ ಆ ಒತ್ತಡದಲ್ಲಿ ಡೀಸೆಲ್ ಎಂಜಿನ್ನಿನಲ್ಲಿ ಆದಂತೆ ಹೊತ್ತಿಕೊಳ್ಳಬಹುದು. ಗಾಳಿ ಪೂರ್ತಿ ಬಿಡದೆ ಒಂದು ಸ್ಕ್ರೂವನ್ನೂ ಮುಟ್ಟಬಾರದು ಎಂಬುದು ಈ ಮನೆಯ ಮೊದಲ ನಿಯಮ.

ಇನ್ನು ಹದ ಮಾಡುವ ಕೆಲಸ. ನಳಿಕೆಯ ಮುಂದೆ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ಮಾವ ಹತ್ತು ಮೀಟರ್ ದೂರದ ಗುರಿಗೆ ಹೊಡೆಯುತ್ತಾರೆ. ಸೆಕೆಂಡಿಗೆ 175 ಮೀಟರ್. ಸದ್ದು ಮಾತ್ರ ಗೋದಾಮಿನ ತಗಡಿಗೆ ಬಡಿದು ವಾಪಸ್ಸು ಬರುತ್ತಿದೆ. ಗಾಳಿ ಖಾಲಿ ಮಾಡಿ ಸ್ಪ್ರಿಂಗಿನ ಸ್ಕ್ರೂವನ್ನು ಸ್ವಲ್ಪವೇ ಸಡಿಲಿಸಿ, ಮತ್ತೆ ತುಂಬಿ ಹೊಡೆಯುತ್ತಾರೆ. 175. ಇನ್ನಷ್ಟು ಸಡಿಲ. ಮತ್ತೆ 175. ವೇಗ ಅಲ್ಲೇ ಇದೆ, ಸದ್ದು ಮಾತ್ರ ಪ್ರತಿ ಸಲವೂ ಕುಗ್ಗುತ್ತಿದೆ! ಇದು ಹೇಗೆ ಸಾಧ್ಯ? ಮಾವ ಹಾಳೆಯ ಮೇಲೆ ಬರೆದು ತೋರಿಸಿದರು. ಹ್ಯಾಮರ್ ಬಡಿದಾಗ ಕವಾಟ ಸೆಕೆಂಡಿನ ಸಾವಿರದ ಕೆಲವೇ ಭಾಗದಷ್ಟು ಹೊತ್ತು ತೆರೆಯುತ್ತದೆ. ಅಷ್ಟರಲ್ಲಿ ಹೊರಬಂದ ಗಾಳಿ ಗುಂಡನ್ನು ತಳ್ಳುತ್ತದೆ. ಸ್ಪ್ರಿಂಗ್ ಅತಿ ಬಿಗಿಯಿದ್ದರೆ ಕವಾಟ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆರೆದಿರುತ್ತದೆ. ಹ್ಯಾಮರ್ ಹಿಂದಕ್ಕೆ ಪುಟಿದು ಎರಡನೇ ಸಲವೂ ಬಡಿಯುತ್ತದೆ. ಗುಂಡು ಆಗಲೇ ನಳಿಕೆ ಬಿಟ್ಟು ಹೋಗಿರುತ್ತದೆ. ಹಿಂದೆ ಬಂದ ಗಾಳಿಗೆ ತಳ್ಳಲು ಏನೂ ಇಲ್ಲ, ಬರೇ ಕೂಗುತ್ತದೆ. “ಸದ್ದು ಅಂದ್ರೆ ನೀವು ಕಷ್ಟಪಟ್ಟು ಪಂಪು ಹೊಡೆದ ಗಾಳಿ ದಂಡ ಆಗಿದ್ದು, ಅಳಿಯಂದಿರೇ,” ಎಂದರು ಮಾವ. ವೇಗ ಇಳಿಯತೊಡಗುವ ಜಾಗ ಮುಟ್ಟುವವರೆಗೆ ಸಡಿಲಿಸಿ ಅಲ್ಲೇ ನಿಲ್ಲಿಸಿದರು. ಹಾಗೆ ಉಳಿದ ಗಾಳಿಯಿಂದ ಒಮ್ಮೆ ತುಂಬಿದ ಸಿಲಿಂಡರಿನಲ್ಲಿ ಹೆಚ್ಚು ಗುಂಡು ಸಿಗುತ್ತವೆ. ಕೋವಿಯೊಳಗಿನ ರೆಗ್ಯುಲೇಟರು ಕವಾಟಕ್ಕೆ ಯಾವಾಗಲೂ ಒಂದೇ ಒತ್ತಡದ ಗಾಳಿ ಕೊಡುವುದರಿಂದ ಮೊದಲ ಗುಂಡಿಗೂ ಕೊನೆಯದಕ್ಕೂ ವೇಗದಲ್ಲಿ ವ್ಯತ್ಯಾಸವಿಲ್ಲ. ನನಗೆ ಈ ಪಯಣದಲ್ಲಿ ಸಿಕ್ಕ ದೊಡ್ಡ ಬೆರಗು ಇದೇ.

ನಳಿಕೆಯ ಬಾಯಿಗೆ ಸದ್ದಡಗಿಸುವ ಕೊಳವೆ ಸಿಕ್ಕಿಸಿದರೆ ಸುಲಭವಲ್ಲವೇ ಎಂದು ಕೇಳಿದೆ. ಅದು ಕಾನೂನಿನ ತೊಡಕು, ತಾವು ಮುಟ್ಟುವುದಿಲ್ಲ ಎಂದರು. ಅದರ ಅಗತ್ಯವೂ ಕಾಣಲಿಲ್ಲ, ಏಕೆಂದರೆ ಉಳಿದ ಸದ್ದಿನಲ್ಲಿ ಹೆಚ್ಚಿನದು ಬರುತ್ತಿದ್ದದ್ದು ಗುರಿಯ ಕಡೆಯಿಂದ. ಸೀಸದ ಗುಂಡು ಕಬ್ಬಿಣದ ತಗಡಿಗೆ ಬಡಿದರೆ ಕೋವಿಗಿಂತ ಜೋರು. ಅಲ್ಲಿ ದಪ್ಪ ಹಲಗೆಯ ಪೆಟ್ಟಿಗೆಯಿಟ್ಟು, ರಬ್ಬರ್ ಚೂರು, ಹರಿದ ಬಟ್ಟೆ ಒತ್ತಿ ತುಂಬಿ, ಅದರ ಹಿಂದೆ ಉಕ್ಕಿನ ಹಲಗೆ ಕೂರಿಸಿದ್ದಾರೆ. ಗೋಡೆಗೆ ಹಳೇ ಕಂಬಳಿಗಳು. ಈಗ ಕುದುರೆ ಎಳೆದರೆ ಒಂದು ಸಣ್ಣ ‘ಟಪ್’, ಬಟ್ಟೆಯೊಳಗೆ ಇನ್ನೊಂದು. ತಗಡಿನ ಮೇಲಿನ ಮಳೆಯೇ ಅದಕ್ಕಿಂತ ಗಟ್ಟಿ. ಪಕ್ಕದ ಕೊಟ್ಟಿಗೆಯ ಹಸು ಮೆಲುಕು ಹಾಕುವುದನ್ನು ನಿಲ್ಲಿಸಲಿಲ್ಲ.

ಗಾಳಿ ತುಂಬಿಟ್ಟು ಹೊಡೆಯುವುದು ಹೊಸ ವಿದ್ಯೆಯೇ ಎಂದರೆ ಅಲ್ಲವಂತೆ. ಗಿರಾರ್ಡೋನಿ ಎಂಬಾತ ಮಾಡಿದ ಗಾಳಿಕೋವಿಯನ್ನು ಆಸ್ಟ್ರಿಯದ ಸೈನ್ಯ 1780ರ ಹೊತ್ತಿಗೇ ಬಳಸಿತ್ತು. ಅದರ ಹಿಡಿಯೇ ಗಾಳಿಯ ಬುರುಡೆ, ತುಂಬಲು ಸುಮಾರು 1500 ಸಲ ಪಂಪು ಹೊಡೆಯಬೇಕಿತ್ತು. ಕೈ ಇನ್ನೂ ನೋಯುತ್ತಿದ್ದ ನನಗೆ ಆ ಸೈನಿಕರ ಮೇಲೆ ಅಪಾರ ಗೌರವ ಹುಟ್ಟಿತು. ಇಂದು ಒಲಿಂಪಿಕ್ಸಿನ ಹತ್ತು ಮೀಟರ್ ಸ್ಪರ್ಧೆಯಲ್ಲಿರುವುದೂ ಇದೇ ಬಗೆಯ ಕೋವಿ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲಿ. 2023ರಲ್ಲಿ ಚಾಂಗ್‌ವಾನ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ನಮ್ಮ ಬೆಂಗಳೂರಿನ ಹುಡುಗಿ ತಿಲೋತ್ತಮಾ ಸೇನ್ ಬೆಳ್ಳಿ ಗೆದ್ದದ್ದೂ ಇದರಲ್ಲಿ. ಆ ಗುರಿಹಲಗೆಯ ನಡುವಿನ ಹತ್ತರ ಚುಕ್ಕೆ ಬರೇ ಅರ್ಧ ಮಿಲಿಮೀಟರ್. ನಾನು ಹೊಡೆದ ಗುಂಡುಗಳು ಆ ಚುಕ್ಕೆಯಿಂದ ದೂರದ ಬಿಳಿಯನ್ನೇ ಹೆಚ್ಚು ಇಷ್ಟಪಟ್ಟವು.

ಕೊಡಗಿನಲ್ಲಿ ಕೋವಿ ಅಪರೂಪವಲ್ಲ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಕೆಲವು ಪಂದ್ಯಗಳಲ್ಲಿ ಗಾಳಿಕೋವಿಗೂ ಜಾಗವಿದೆ, ಅದಕ್ಕೆ ಗುರಿ ಕೋಳಿಮೊಟ್ಟೆ. ಗಾಳಿಕೋವಿಯ ಕಾನೂನು ಇಡೀ ದೇಶಕ್ಕೆ ಒಂದೇ: 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಕೆ 4.5 ಮಿಲಿಮೀಟರ್ ಮೀರದೆ, ಶಕ್ತಿ 20 ಜೂಲ್ ದಾಟದಿದ್ದರೆ ಪರವಾನಗಿ ಬೇಡ. ಅರ್ಧ ಗ್ರಾಂಗಿಂತ ತುಸು ಹೆಚ್ಚು ತೂಗುವ ಗುಂಡು ಸೆಕೆಂಡಿಗೆ 275 ಮೀಟರ್ ಓಡಿದರೆ ಆ ಗಡಿ ಮುಟ್ಟುತ್ತದೆ. ಮಾವನ ಕೋವಿ ಎಂಟು ಜೂಲಿನಲ್ಲೇ ತೃಪ್ತಿಯಾಗಿದೆ. ಹತ್ತು ಮೀಟರಿಗೆ ಅಷ್ಟು ಸಾಕೇ ಸಾಕು. ತೋಟಕ್ಕೆ ನುಗ್ಗುವ ಕೋತಿಗೂ ಹಕ್ಕಿಗೂ ಅದನ್ನು ಅವರು ಎಂದೂ ತಿರುಗಿಸಿಲ್ಲ. ಅವರ ಮೇಲಿನ ನನ್ನ ಪ್ರೀತಿ ಇಮ್ಮಡಿಯಾದದ್ದು ಅದರಿಂದ.

ಇದನ್ನೋದಿ ಮನೆಯಲ್ಲೇ ಗಾಳಿಕೋವಿ ಹದ ಮಾಡಲು ಹೊರಡುವವರಲ್ಲಿ ಒಂದು ಬೇಡಿಕೆ. ಸದ್ದು ತಗ್ಗಿದ ಮಾತ್ರಕ್ಕೆ ಗುಂಡು ಮೆತ್ತಗಾಗುವುದಿಲ್ಲ. ಎಂಟು ಜೂಲಿನ ಗುಂಡೂ ಕಣ್ಣು ಕಳೆಯಬಲ್ಲದು. ಕನ್ನಡಕ ಹಾಕಿಕೊಳ್ಳಿ, ಗುರಿಯ ಹಿಂದೆ ಗುಂಡು ದಾಟದ ಗೋಡೆ ಇರಲಿ, ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ಸೋಪು ಹಾಕಿ ತೊಳೆಯಿರಿ. ಸಿಲಿಂಡರಿನ ಮೇಲೆ ಅಚ್ಚಾದ ತಾರೀಕನ್ನೂ ಓದಿ. ಸ್ಪರ್ಧೆಗಳಲ್ಲಿ ಹತ್ತು ವರ್ಷ ದಾಟಿದ ಸಿಲಿಂಡರಿಗೆ ಪ್ರವೇಶವಿಲ್ಲ, ಮನೆಯಲ್ಲೂ ಇರಬಾರದು.