ನಮ್ಮ ಹೊಲದಲ್ಲಿ ಇಳಿದ ವಿಮಾನ

ಹುನಗುಂದ ತಾಲೂಕಿನ ರಾಮಥಾಳ ನನ್ನ ಊರು. ಹನಿ ನೀರಾವರಿಯಿಂದಾಗಿ ಅದರ ಹೆಸರು ಪತ್ರಿಕೆಗಳಲ್ಲಿ ಬಂದುದುಂಟು. ವಿಮಾನದಿಂದಾಗಿ ಎಂದೂ ಬಂದಿಲ್ಲ. ನಮ್ಮ ಮನೆಯಲ್ಲಿ ವಿಮಾನ ಹತ್ತಿದವರು ಯಾರೂ ಇಲ್ಲ. ಕಾಲೇಜಿನ ಮೆಟ್ಟಿಲು ಹತ್ತಿದವನೂ ನಾನೊಬ್ಬನೇ. ಆದರೂ ಈ ಸಂಕ್ರಾಂತಿಯ ಸೂಟಿಯಲ್ಲಿ ನಾನು ನಮ್ಮ ಹೊಲದಲ್ಲಿಯೇ ಒಂದು ವಿಮಾನವನ್ನು ಇಳಿಸಿದೆ. ಆ ಪ್ರಸಂಗವನ್ನು ವಾಚಕರ ಮುಂದಿಡುತ್ತೇನೆ.

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಗೆಳೆಯನೊಬ್ಬನು ಹಬ್ಬಕ್ಕೆ ಬರುವಾಗ ತನ್ನ ಲ್ಯಾಪ್‌ಟಾಪಿನಲ್ಲಿ ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರನ್ನು ತಂದಿದ್ದನು. ನೆಲದ ಮೇಲೆಯೇ ಕುಳಿತು ಹಾರಾಟ ಕಲಿಯುವ ಈ ವಿದ್ಯೆ ಹೊಸದೇನಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನು ತನ್ನ ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯಲ್ಲಿ ಕಲಿತ ತಿದಿಯ ಕೆಲಸವನ್ನೇ ಬಳಸಿ, 1929ರ ಹೊತ್ತಿಗೆ ಓಲಾಡುವ ಮರದ ವಿಮಾನವೊಂದನ್ನು ಕಟ್ಟಿದ್ದನು. ಈಗ ತಿದಿಯ ಜಾಗಕ್ಕೆ ಗಣಕಯಂತ್ರ ಬಂದಿದೆ, ಅಷ್ಟೆ.

ನಾವು ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದ ಸಣ್ಣ ಸೆಸ್ನಾ ವಿಮಾನವನ್ನು ಏರಿಸಿದೆವು. ತುಂಗಭದ್ರೆಯನ್ನು ದಾಟಿ, ಕುಷ್ಟಗಿ ಇಳಕಲ್ಲುಗಳ ಮೇಲೆ ಹಾದು, ಮುಕ್ಕಾಲು ಗಂಟೆಯೊಳಗೆ ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮವನ್ನು ಮುಟ್ಟಿದೆವು. ನದಿಗಳೇನೋ ಇದ್ದಲ್ಲಿಯೇ ಇದ್ದವು. ಆದರೆ ರಾಮಥಾಳದ ಸುತ್ತ ಎತ್ತ ನೋಡಿದರೂ ಒಂದೇ ಬಗೆಯ ಹೊಲ. ಒಂದೇ ಚಿತ್ರವನ್ನು ಜಮಖಾನೆಯ ಹಾಗೆ ಮತ್ತೆ ಮತ್ತೆ ಹಾಸಿದ್ದರು.

ಇಳಿಯಲು ಜಾಗವಿಲ್ಲವಲ್ಲ ಎಂದು ನಾನು ಮರುಗಿದಾಗ ಗೆಳೆಯನು ನಕ್ಕು, “ಇಲ್ಲದಿದ್ದರೆ ಬರೆದುಕೊಂಡರಾಯಿತು” ಎಂದನು. ಈ ಸಿಮ್ಯುಲೇಟರಿನಲ್ಲಿರುವ ಎಷ್ಟೋ ಸಣ್ಣ ನಿಲ್ದಾಣಗಳು ಹವ್ಯಾಸಿಗಳು ಸಂಬಳವಿಲ್ಲದೆ ಬರೆದುಕೊಟ್ಟವು ಎಂಬುದು ನನಗೆ ಆಗ ತಿಳಿಯಿತು. ಓಡುದಾರಿಯೆಂದರೆ ಅಂಕಿಗಳ ಒಂದು ಸಾಲು. ಮೊದಲು 100 ಎಂದು ಬರೆಯಬೇಕು, ಆಮೇಲೆ ಅಗಲ, ಆಮೇಲೆ ನೆಲದ ಗುಣ. ಡಾಂಬರಿಗೆ 1, ಕಾಂಕ್ರೀಟಿಗೆ 2, ಹುಲ್ಲಿಗೆ 3, ಮಣ್ಣಿಗೆ 4. ಕೊನೆಗೆ ಎರಡು ತುದಿಗಳ ಅಕ್ಷಾಂಶ ರೇಖಾಂಶ. ಗಾಳಿಯ ದಿಕ್ಕು ತೋರುವ ಬಟ್ಟೆಯ ಚೀಲಕ್ಕೆ ಬೇರೊಂದು ಸಾಲು, ಅದರ ಅಂಕಿ 19. ನಾನು ಮೊಬೈಲಿನ ನಕಾಶೆಯಲ್ಲಿ ನಮ್ಮ ಹೊಲವನ್ನು ಹುಡುಕಿ, 600 ಮೀಟರ್ ಉದ್ದ, 20 ಮೀಟರ್ ಅಗಲದ ಮಣ್ಣಿನ ದಾರಿಯನ್ನು ಬರೆದೆ. ಮೂರನೆಯ ಪ್ರಯತ್ನಕ್ಕೆ ವಿಮಾನ ನೆಟ್ಟಗೆ ಇಳಿಯಿತು. ಹಿಗ್ಗಿನಿಂದ ಅಪ್ಪನನ್ನು ಕರೆದೆ.

ಅಪ್ಪ ಬಹಳ ಹೊತ್ತು ನೋಡಿದ. “ಹೊಲ ನಮ್ಮದಂತಿ. ಜ್ವಾಳ ಎಲ್ಲಿ ಹೋತು?” ಎಂದ. ಹೊರಗೆ ಎರಿಹೊಲದಲ್ಲಿ ಬಿಳಿಜೋಳ ಎದೆಯೆತ್ತರ ನಿಂತಿತ್ತು. “ಇಷ್ಟು ಉದ್ದ ನಮ್ಮ ಹೊಲ ಎಲ್ಲೈತಿ? ಬದುವಿನ ಆಚಿಯವರನ್ನ ಕೇಳಿದಿ ಏನು?” ಎಂದ. ಲೆಕ್ಕ ಹಾಕಿದೆ: 12,000 ಚದರ ಮೀಟರ್, ಹತ್ತಿರ ಹತ್ತಿರ 3 ಎಕರೆ. ನಮಗಿರುವುದೇ 4 ಎಕರೆ. ಅಪ್ಪ ಇನ್ನೊಂದು ಮಾತು ಸೇರಿಸಿದ: “ಮಳಿಗಾಲದಾಗ ಎರಿಯೊಳಗ ಬಂಡಿ ಗಾಲಿನ ಹೂಳತೈತಿ, ನಿನ್ನ ವಿಮಾನ ಹೆಂಗ ಏಳತೈತಿ?” ನಾನು ಬರೆದ 4 ಎಂಬ ಅಂಕಿಗೆ ಎರಿಯೂ ಒಂದೇ, ಮಸಾರಿಯೂ ಒಂದೇ.

2020ರಲ್ಲಿ ಬಂದ ಮೈಕ್ರೋಸಾಫ್ಟಿನ ಸಿಮ್ಯುಲೇಟರಿನಲ್ಲಿ ಉಪಗ್ರಹದ ಚಿತ್ರಗಳನ್ನೇ ಹಾಸಿದ್ದಾರೆ. ಅಲ್ಲಿ ಹೊಲದ ಬಣ್ಣ ಕಂಡೀತು. ಬದು ಯಾರದೆಂಬುದು ಕಾಣದು. ದೂರದಲ್ಲಿ ಕುಳಿತು ಬರೆಯುವವರಿಗೆ ನಮ್ಮ ನೆಲ ಬರಿಯ ಬಯಲಾಗಿ ತೋರಿದರೆ ಅದು ಅವರ ತಪ್ಪಲ್ಲ. ಆದರೆ ಅದೇ ಹೊಲದ ಜೋಳದ ರೊಟ್ಟಿ ತಿಂದು, ಅದೇ ಜೋಳ ಮಾರಿದ ಹಣದಲ್ಲಿ ಫೀ ಕಟ್ಟಿದ ನನಗೂ ಅದು ಬರಿಯ ಬಯಲಾಗಿಯೇ ತೋರಿತಲ್ಲ! ಮೂರು ವರ್ಷದ ಓದಿನಲ್ಲಿ ನನಗೆ ಇಷ್ಟು ನಾಚಿಕೆ ಯಾವ ಪರೀಕ್ಷೆಯಲ್ಲಿಯೂ ಆಗಿರಲಿಲ್ಲ.

ಆ ರಾತ್ರಿಯೇ ನಿಲ್ದಾಣವನ್ನು ಅಳಿಸಿದೆ. ಅಳಿಸುವ ಮುಂಚೆ ಅಪ್ಪ ಗಾಳಿಚೀಲವನ್ನು ಬೆರಳಿನಿಂದ ತೋರಿಸಿ ಇದೇನೆಂದು ಕೇಳಿದ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು, ಅದಕ್ಕೆ ಈ ಗುರುತು ಎಂದೆ. ರಾಶಿ ತೂರುವವನಿಗೆ ಗಾಳಿಯ ಮಾತು ತಿಳಿಸಿ ಹೇಳಬೇಕೆ? ಅಪ್ಪ ಮೊದಲ ಸಲ ನಕ್ಕ. “ಇದೊಂದು ಖರೇ ಐತಿ. ಸುಗ್ಗಿಗೆ ನಮ್ಮ ಕಣದಾಗೂ ಒಂದು ಕಟ್ಟು” ಎಂದ.

ಸುಗ್ಗಿ ಬಂದಾಗ ನನ್ನ ಹಳೆಯ ಅಂಗಿಯ ತೋಳೊಂದನ್ನು ಕೋಲಿಗೆ ಕಟ್ಟಿ ಕಣದಲ್ಲಿ ನಿಲ್ಲಿಸಿದೆನು.